ತೋಟದ ಕೈದೀಪಕ್ಕೆ ಎಚ್‌ಐಡಿ: ಮೂರು ಜೋಡಿ ಹಾಕಿ ನೋಡಿದ ಮೇಲೆ

ಸಕಲೇಶಪುರದ ನಮ್ಮ ತೋಟದಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಬಿಡುವುದು ಜಾಸ್ತಿ ರಾತ್ರಿಯೇ. ಜೆಟ್ ತಿರುಗುತ್ತಿದೆಯಾ, ಪೈಪಿನ ಜಾಯಿಂಟ್ ಬಿಟ್ಟಿದೆಯಾ ಅಂತ ಒಂದು ಸುತ್ತು ಹಾಕಲೇಬೇಕು. ಆನೆ ಓಡಾಡುವ ಜಾಗ ಬೇರೆ. ಕೆರೆ ಏರಿಯ ಮೇಲೆ ನಿಂತು ಆಚೆ ಬೇಲಿಯವರೆಗೆ ಬೆಳಕು ಹಾಯಿಸಿ ನೋಡದೆ ನಾನು ಕೆಳಗೆ ಇಳಿಯುವುದಿಲ್ಲ. ಇದಕ್ಕಾಗಿಯೇ ಹಳೆಯ ಸರ್ಚ್‌ಲೈಟಿನ ಹ್ಯಾಲೊಜನ್ ತೆಗೆದು ಎಚ್‌ಐಡಿ, ಅಂದರೆ ಕಾರುಗಳಲ್ಲಿ ಬರುವ ಕ್ಸೆನಾನ್ ಬಲ್ಬು, ಹಾಕಿದೆ. ಬಲ್ಬು ಮತ್ತು ಅದಕ್ಕೆ ಕರೆಂಟ್ ಹದಮಾಡಿ ಕೊಡುವ ಬ್ಯಾಲೆಸ್ಟ್ ಎಂಬ ಡಬ್ಬಿ, ಇವುಗಳ ಮೂರು ಜೋಡಿ ಬದಲಾಯಿಸಿದ ಮೇಲೆ ಒಂದು ಮಾತು ಗಟ್ಟಿಯಾಗಿ ಹೇಳಬಲ್ಲೆ. ಎಲ್ಲರೂ ಬಲ್ಬಿನ ಬಗ್ಗೆ ಕೇಳುತ್ತಾರೆ, ಆದರೆ ಕೈಕೊಡುವುದು ಬ್ಯಾಲೆಸ್ಟ್.

ಎಚ್‌ಐಡಿ ಬಲ್ಬಿನಲ್ಲಿ ಕಾಯುವ ತಂತಿ ಇಲ್ಲ. ಎರಡು ಮೊನೆಗಳ ನಡುವೆ ಕಿಡಿ ನಿಂತು ಉರಿಯುತ್ತದೆ. ಕಾರಿನ ಡಿ2ಎಸ್ ಬಲ್ಬಿನಲ್ಲಿ ಆ ಕಿಡಿಯ ಉದ್ದ ಬರೀ 4 ಮಿಲಿಮೀಟರ್ ಚಿಲ್ಲರೆ. ಬೆಳಕು ಅಷ್ಟು ಚಿಕ್ಕ ಜಾಗದಿಂದ ಬರುವುದರಿಂದಲೇ ರಿಫ್ಲೆಕ್ಟರ್ ಅದನ್ನು ದೂರಕ್ಕೆ ಎಸೆಯುತ್ತದೆ. 55 ವ್ಯಾಟಿನ ಎಚ್7 ಹ್ಯಾಲೊಜನ್ ಸುಮಾರು 1500 ಲ್ಯೂಮೆನ್ ಕೊಟ್ಟರೆ, 35 ವ್ಯಾಟಿನ ಡಿ2ಎಸ್ ಸುಮಾರು 3200 ಕೊಡುತ್ತದೆ. ಆದರೆ ಕಿಡಿ ಹೊತ್ತಿಸಲು 20,000 ವೋಲ್ಟಿಗೂ ಮೇಲೆ ಬೇಕು. ಹೊತ್ತಿದ ಮೇಲೆ 85 ವೋಲ್ಟ್ ಆಸುಪಾಸು ಸಾಕು. ಇವೆರಡನ್ನೂ 12 ವೋಲ್ಟ್ ಬ್ಯಾಟರಿಯಿಂದ ತೆಗೆಯಬೇಕಾದದ್ದು ಬ್ಯಾಲೆಸ್ಟ್.

ಮೊದಲು ತಂದದ್ದು 55 ವ್ಯಾಟಿನ ಕಿಟ್. ತೆಳು ಬ್ಯಾಲೆಸ್ಟ್, 6000ಕೆ ಬಲ್ಬು (ಕೆ ಅಂದರೆ ಕೆಲ್ವಿನ್, ಬೆಳಕಿನ ಬಣ್ಣದ ಅಳತೆ; ಅಂಕಿ ಹೆಚ್ಚಿದಷ್ಟೂ ನೀಲಿ). ಮನೆ ಗೋಡೆಗೆ ಬಿಟ್ಟಾಗ ನೀಲಿ ಹೊಡೆಯುವ ಬಿಳಿ ಬೆಳಕು ನೋಡಿ ಖುಷಿಯಾಯಿತು. ತೋಟದಲ್ಲಿ ಕಥೆಯೇ ಬೇರೆ. ಸ್ಪ್ರಿಂಕ್ಲರ್ ನೀರಿನ ಹನಿಗಳ ಮೇಲೆ ಬಿದ್ದು ಕಣ್ಣ ಮುಂದೆ ಬಿಳಿ ಪರದೆ ಕಟ್ಟಿದ ಹಾಗಾಯಿತು. ಒದ್ದೆ ಮರದ ಬುಡ ಯಾವುದು, ಆನೆಯ ಮೈ ಯಾವುದು ಅಂತ ಬಣ್ಣದಲ್ಲಿ ಬೇರೆ ಮಾಡಲು ಆಗಲಿಲ್ಲ.

ಅದನ್ನಾದರೂ ಸಹಿಸಬಹುದಿತ್ತು. ಒಂದು ರಾತ್ರಿ ಅರ್ಧ ಗಂಟೆ ಉರಿಸಿ, ಆರಿಸಿ, ವಾಲ್ವ್ ತಿರುಗಿಸುತ್ತಿದ್ದೆ. ಹತ್ತಿರದಲ್ಲೇ ಕೊಂಬೆ ಮುರಿದ ಸದ್ದು. ಸ್ವಿಚ್ ಒತ್ತಿದೆ. ಒಂದು ಮಿಂಚು, ಮತ್ತೆ ಕತ್ತಲೆ. ಮತ್ತೆ ಒತ್ತಿದರೂ ಅದೇ. ಉಸಿರು ಬಿಗಿಹಿಡಿದು ಮೋಟಾರು ಮನೆ ಗೋಡೆಗೆ ಒರಗಿ ನಿಂತಿದ್ದೆ. ಆ ಹತ್ತು ನಿಮಿಷ ಇವತ್ತಿಗೂ ಮರೆತಿಲ್ಲ.

ಮಾರನೆ ದಿನ ಮೀಟರ್ ಹಿಡಿದು ನೋಡಿದೆ. ಒಂದೇ ಸಮ ಉರಿಯುವಾಗ ಅದು ಎಳೆಯುವುದು ಸುಮಾರು 5 ಆಂಪಿಯರ್. ಆದರೆ ಹೊತ್ತಿಕೊಳ್ಳುವ ಮೊದಲ ಸೆಕೆಂಡುಗಳಲ್ಲಿ ಅದರ ಎರಡು ಪಟ್ಟು. ನನ್ನದು 7 ಆಂಪಿಯರ್ ಅವರ್‌ನ ಚಿಕ್ಕ ಬ್ಯಾಟರಿ, ಕಿಟ್ ಜೊತೆ ಬಂದದ್ದು ಸಣ್ಣ ವೈರು. ಬ್ಯಾಟರಿ ಅರ್ಧ ಇಳಿದಿದ್ದರೆ ಬ್ಯಾಲೆಸ್ಟಿನ ತುದಿಯಲ್ಲಿ ವೋಲ್ಟೇಜ್ 10ಕ್ಕಿಂತ ಕೆಳಗೆ ಕುಸಿಯುತ್ತಿತ್ತು. ಕುಸಿದ ಕೂಡಲೇ ಬ್ಯಾಲೆಸ್ಟ್ ಕೈಬಿಡುತ್ತಿತ್ತು. ವೈರು 2.5 ಸ್ಕ್ವೇರ್ ಎಂಎಂಗೆ ಬದಲಾಯಿಸಿದ ಮೇಲೆ ಸ್ವಲ್ಪ ಸುಧಾರಿಸಿತು, ಪೂರ್ತಿ ಅಲ್ಲ.

ಎರಡನೆಯದು ಬರೀ ಆಸೆಗೆ ಮಾಡಿದ್ದು. ಅದೇ 55 ವ್ಯಾಟ್ ಬ್ಯಾಲೆಸ್ಟಿಗೆ 35 ವ್ಯಾಟಿನ 4300ಕೆ ಬಲ್ಬು ಸಿಕ್ಕಿಸಿದೆ. ಬೆಳಕು ಜೋರಾಗಿಯೇ ಬಂತು, ಬಣ್ಣವೂ ಕಣ್ಣಿಗೆ ಹಿತ. ಆದರೆ ಒಂದು ಸೀಸನ್ ಮುಗಿಯುವುದರೊಳಗೆ ಬಲ್ಬು ಗುಲಾಬಿಗೆ ತಿರುಗಿ ಮಿನುಗತೊಡಗಿತು. ತಾಕತ್ತು ಮೀರಿ ಉರಿಸಿದರೆ ಆಗುವುದೇ ಇಷ್ಟು. ಮಾಡಬೇಡಿ.

ಈಗ ಎರಡು ವರ್ಷದಿಂದ ಇರುವುದು ಮೂರನೆಯದು. ಗುಜರಿಗೆ ಬಂದ ಕಾರಿನಿಂದ ಬಿಚ್ಚಿದ 35 ವ್ಯಾಟಿನ ದಪ್ಪ ಬ್ಯಾಲೆಸ್ಟ್, ಜೊತೆಗೆ ಹೊಸ ಫಿಲಿಪ್ಸ್ ಡಿ2ಎಸ್, 4300ಕೆ. ಇದರ ಬುಡ ಸರ್ಚ್‌ಲೈಟಿನ ಎಚ್7 ತೂತಿಗೆ ಕೂರುವುದಿಲ್ಲ. ಲೇತ್ ಅಂಗಡಿಯಲ್ಲಿ ಒಂದು ರಿಂಗ್ ಮಾಡಿಸಿದೆ. ತೂಕ ಜಾಸ್ತಿ, ಹೆಗಲಿಗೆ ಬೆಲ್ಟ್ ಬೇಕೇಬೇಕು. ಪೂರ್ತಿ ಬೆಳಕಿಗೆ ಬರಲು ಐದಾರು ಸೆಕೆಂಡ್ ತೆಗೆದುಕೊಳ್ಳುತ್ತದೆ. ಆದರೆ ಬ್ಯಾಟರಿ ಮುಗಿಯುತ್ತಾ ಬಂದಾಗಲೂ ಒತ್ತಿದ ಕೂಡಲೇ ಹೊತ್ತಿಕೊಳ್ಳುತ್ತದೆ. ನನಗೆ ಬೇಕಾದದ್ದು ಅದೇ ಅಲ್ವಾ? ಉರಿಯುವಾಗ 3.5 ಆಂಪಿಯರ್ ಒಳಗೇ ಇರುತ್ತದೆ. ಅದೇ ಚಿಕ್ಕ ಬ್ಯಾಟರಿಯಲ್ಲಿ 55 ವ್ಯಾಟ್ ಮುಕ್ಕಾಲು ಗಂಟೆ ಬಂದರೆ ಇದು ಒಂದೂಕಾಲು ಗಂಟೆ ಬರುತ್ತದೆ. ಸ್ಪ್ರಿಂಕ್ಲರ್ ಹನಿಗಳ ನಡುವೆಯೂ ಸಿಲ್ವರ್ ಓಕ್ ಕಾಂಡ ಕಂದಾಗಿ, ಎಲೆ ಹಸಿರಾಗಿ ಕಾಣುತ್ತದೆ.

ಕೊಳ್ಳುವವರಿಗೆ ಒಂದೆರಡು ಎಚ್ಚರಿಕೆ. ಡಿ4ಎಸ್ ಬಲ್ಬಿನಲ್ಲಿ ಪಾದರಸ ಇಲ್ಲ, ಅದು ಒಳ್ಳೆಯದೇ. ಆದರೆ ಉರಿಯುವುದು 42 ವೋಲ್ಟಿನಲ್ಲಿ, ಹಾಗಾಗಿ ಡಿ2ಎಸ್ ಬ್ಯಾಲೆಸ್ಟಿಗೆ ಹೊಂದುವುದಿಲ್ಲ. ಡಿ2ಎಸ್ ಒಳಗೆ ಪಾದರಸ ಇರುವುದರಿಂದ ಒಡೆದದ್ದನ್ನು ಗೊಬ್ಬರದ ಗುಂಡಿಗೆ ಎಸೆಯಬೇಡಿ. ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬ್ಯಾಟರಿ ಕಳಚದೆ ಬ್ಯಾಲೆಸ್ಟಿಗೆ ಕೈ ಹಾಕಲೇಬೇಡಿ. ಆನೆ ಕಂಡರೆ ಬೆಳಕನ್ನು ಅದರ ಕಣ್ಣಿಗೆ ಹಿಡಿಯದೆ ಸುಮ್ನೆ ಹಿಂದೆ ಸರಿಯಿರಿ.

ಪರಿಚಯದವರೊಬ್ಬರು ಆ 55 ವ್ಯಾಟ್ ಕಿಟ್ಟನ್ನು ಜೀಪಿನ ಹೆಡ್‌ಲೈಟಿಗೆ ಕೇಳಿದರು. ಘಾಟಿಯಲ್ಲಿ ಎದುರು ಬರುವವರ ಕಣ್ಣು ಕುಕ್ಕುತ್ತದೆ ಅಂತ ಕೊಡಲಿಲ್ಲ. ಅದನ್ನು ಮೋಟಾರು ಮನೆಯ ಗೋಡೆಗೆ ಕಟ್ಟಿ, ಟ್ರ್ಯಾಕ್ಟರಿನ ಹಳೆ ಬ್ಯಾಟರಿಗೆ ಗಿಡ್ಡ ವೈರಿನಲ್ಲಿ ಜೋಡಿಸಿದ್ದೇನೆ. ಅಲ್ಲಿ ಅದು ಇದುವರೆಗೆ ಒಮ್ಮೆಯೂ ತಪ್ಪಿಲ್ಲ.