ಗೊಬ್ಬರದ ರಾಶಿಗೆ ಚುಚ್ಚುವ ಥರ್ಮಾಮೀಟರ್: ಮೂರು ವರ್ಷ ಬಳಸಿದ ಮೇಲೆ

ಉದ್ದ ಕಡ್ಡಿಯ ಈ ಥರ್ಮಾಮೀಟರ್ ಕೊಂಡು ಮೂರು ವರ್ಷವಾಯಿತು. ಸ್ಟೀಲ್ ಕಡ್ಡಿ, ಉದ್ದ 50 ಸೆಂಟಿಮೀಟರ್. ಮೇಲೆ ಗಡಿಯಾರದಂಥ ಮುಖ, ಒಳಗೊಂದು ಮುಳ್ಳು. ಬ್ಯಾಟರಿಯ ಗೋಜಿಲ್ಲ. ರಾಶಿಗೆ ಚುಚ್ಚಿ, ಮುಳ್ಳು ನಿಲ್ಲುವವರೆಗೆ ಕಾದು ಓದಿಕೊಂಡರೆ ಮುಗಿಯಿತು.

ಕೊಳ್ಳುವ ಮೊದಲು ನನಗೂ ಇದು ಶೋಕಿ ಅನ್ನಿಸಿತ್ತು. ಚಳಿಯ ಬೆಳಗ್ಗೆ ರಾಶಿಯಿಂದ ಹಬೆ ಏಳುತ್ತಿತ್ತು, ಕೈ ತೂರಿಸಿದರೆ ಬಿಸಿ ತಾಗುತ್ತಿತ್ತು. ಇನ್ನೇನು ಬೇಕು, ಅಲ್ವಾ? ಮೊದಲ ದಿನ ಚುಚ್ಚಿದಾಗ ಮುಳ್ಳು 43 ಡಿಗ್ರಿಯಲ್ಲೇ ನಿಂತಿತು. ಕೈಗೆ 43 ಕೂಡ ಬಿಸಿಯೇ. ಆದರೆ ಹಸಿ ಸಗಣಿಯಲ್ಲಿರಬಹುದಾದ ಇ. ಕೋಲಿ, ಸಾಲ್ಮೊನೆಲ್ಲಾದಂಥ ರೋಗ ತರುವ ಬ್ಯಾಕ್ಟೀರಿಯಾಗಳು ಸಾಯಲು ಅದು ಸಾಲದು. 55 ಡಿಗ್ರಿಯಾದರೂ ಬೇಕು, ಅದೂ ಒಂದು ದಿನಕ್ಕಲ್ಲ. ಅಮೆರಿಕದ ಸಾವಯವ ಕೃಷಿ ನಿಯಮದಲ್ಲಿ ಉದ್ದನೆಯ ಸಾಲು ರಾಶಿಗೆ ಹೇಳಿರುವ ಲೆಕ್ಕ ಹೀಗಿದೆ: 55ರಿಂದ 77 ಡಿಗ್ರಿಯೊಳಗೆ 15 ದಿನ ಇರಬೇಕು, ಅಷ್ಟರಲ್ಲಿ ಕನಿಷ್ಠ 5 ಸಲ ಮಗುಚಬೇಕು. ಮಗುಚುವುದು ಯಾಕೆಂದರೆ ರಾಶಿಯ ಹೊರಮೈ ಯಾವತ್ತೂ ತಣ್ಣಗಿರುತ್ತದೆ. ಅಲ್ಲಿರುವುದು ಒಳಗೆ ಹೋಗಿ ಬೇಯಬೇಕು.

ಅಷ್ಟು ವರ್ಷ ನಾನು ಅರೆಬೆಂದ ಗೊಬ್ಬರ ಹಾಕುತ್ತಿದ್ದೆ. ಜೊತೆಗೆ ಆ ಕಾವಿಗೆ ಸಾಯದೆ ಉಳಿದ ಕಳೆ ಬೀಜವನ್ನೂ ನಾನೇ ಬಿತ್ತುತ್ತಿದ್ದೆ!

ತಪ್ಪು ಎಲ್ಲಿತ್ತೆಂದರೆ, ನನ್ನ ರಾಶಿ ಬರೀ ಒದ್ದೆ ಸಗಣಿ. ಗಾಳಿ ಆಡುತ್ತಿರಲಿಲ್ಲ. ಮುಂದಿನ ಸಲ ಕತ್ತರಿಸಿದ ಜೋಳದ ದಂಟು, ಒಣಹುಲ್ಲು ಬೆರೆಸಿದೆ. ದಂಟು, ಹುಲ್ಲಿನಲ್ಲಿ ಹೆಚ್ಚಿರುವ ಇಂಗಾಲ ಮತ್ತು ಸಗಣಿಯಲ್ಲಿ ಹೆಚ್ಚಿರುವ ಸಾರಜನಕ ಸುಮಾರು 30ಕ್ಕೆ 1ರಂತೆ ಇರಬೇಕು ಅನ್ನುತ್ತಾರಲ್ಲ, ತಕ್ಕಡಿ ಹಿಡಿದು ಅದನ್ನು ಸಾಧಿಸಲು ನನ್ನಿಂದಾಗಲಿಲ್ಲ. ಅಂದಾಜಿನ ಮೇಲೆ ಬೆರೆಸಿ ಮುಳ್ಳು ನೋಡುತ್ತೇನೆ. ರಾಶಿಯ ಉದ್ದ, ಅಗಲ, ಎತ್ತರ ಮೂರೂ ಒಂದು ಮೀಟರ್‌ಗಿಂತ ಜಾಸ್ತಿ ಇರುವಂತೆ ನೋಡಿಕೊಂಡೆ, ಚಿಕ್ಕದಾದರೆ ಕಾವು ನಿಲ್ಲದು. ಹಿಡಿಯಷ್ಟು ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆ ಇಳಿಯಬಾರದು. ನಾಲ್ಕನೇ ದಿನಕ್ಕೆ 62! ಕೋಳಿ ಗೊಬ್ಬರ ಹೆಚ್ಚಾದ ಒಂದು ರಾಶಿಯಂತೂ 70 ದಾಟಿತು, ಮೂಗಿಗೆ ಅಮೋನಿಯಾ ಬಡಿಯಿತು. ಅಷ್ಟು ಕಾವಿಗೆ ಕೆಲಸ ಮಾಡುವ ಸೂಕ್ಷ್ಮಜೀವಿಗಳೇ ಸಾಯತೊಡಗುತ್ತವೆ. ಆ ವಾಸನೆ ಅಂದರೆ ಸಾರಜನಕ ಗಾಳಿಪಾಲಾಗುತ್ತಿದೆ ಅಂತ. ಗರಗಸದ ಹೊಟ್ಟು ಬೆರೆಸಿ, ನೀರು ಚಿಮುಕಿಸಿ ಮಗುಚಿದೆ.

ಇನ್ನು ದೂರು. ಎರಡನೇ ಮಳೆಗಾಲದಲ್ಲಿ ಗಾಜಿನ ಒಳಗೆ ಮಂಜು ಕಟ್ಟಿತು. ಅದನ್ನು ಸಹಿಸಿಕೊಂಡೆ. ಆಮೇಲೆ ಸುಮ್ನೆ ಒಂದು ಸಂಶಯ ಬಂದು, ಕಡ್ಡಿಯನ್ನು ಮಂಜುಗಡ್ಡೆ ತುಂಬಿದ ನೀರಿನಲ್ಲಿ ಅದ್ದಿ ನೋಡಿದೆ. ಸೊನ್ನೆ ತೋರಿಸಬೇಕಾದದ್ದು 6 ತೋರಿಸಿತು. ಹಾಗಾದರೆ ನಾನು 55 ಅಂದುಕೊಂಡದ್ದು 49! ಬೇಯಿತೆಂದು ಬದಿಗಿಟ್ಟಿದ್ದ ರಾಶಿಗೆ ಮತ್ತೆ ಹಸಿ ಸಗಣಿ, ಹುಲ್ಲು ಸೇರಿಸಿ ಮೊದಲಿನಿಂದ ಕಾಯಿಸಬೇಕಾಯಿತು. ಮಾರಿದವರನ್ನು ಕೇಳಿದರೆ "ಹೊಸದು ತಗೊಳ್ಳಿ" ಅಂದರು. ಮುಖದ ಹಿಂದೆ ಒಂದು ನಟ್ ಇದೆ, ಸ್ಪ್ಯಾನರ್‌ನಲ್ಲಿ ತಿರುಗಿಸಿದರೆ ಮುಳ್ಳು ಸರಿಹೋಗುತ್ತದೆ ಅಂತ ನಾನೇ ಕಂಡುಕೊಂಡೆ. ಈಗ ಪ್ರತಿ ರಾಶಿಗೂ ಮುಂಚೆ ಮಂಜುಗಡ್ಡೆ ಪರೀಕ್ಷೆ ಆಗಲೇಬೇಕು. ಕಡ್ಡಿ ಸ್ವಲ್ಪ ಬಾಗಿದೆ ಕೂಡ, ಅದು ನನ್ನದೇ ತಪ್ಪು. ಗಟ್ಟಿ ರಾಶಿಗೆ ಮೊದಲು ಕಬ್ಬಿಣದ ಸಲಾಕೆಯಿಂದ ತೂತು ಮಾಡಿಕೊಳ್ಳಬೇಕು.

ಇದು ಹೇಳದ ವಿಷಯಗಳೂ ಇವೆ. ಕಾವು ಇಳಿದ ಮಾತ್ರಕ್ಕೆ ಗೊಬ್ಬರ ಸಿದ್ಧವಲ್ಲ. ಒಣಗಿದ್ದರೂ ಇಳಿಯುತ್ತದೆ, ಗಾಳಿ ಸಿಗದಿದ್ದರೂ ಇಳಿಯುತ್ತದೆ. ತೇವ ಸರಿಯಿದ್ದು, ಮಗುಚಿದ ಮೇಲೂ ಮತ್ತೆ ಏರದಿದ್ದರೆ ಮಾತ್ರ ಒಂದೆರಡು ತಿಂಗಳು ಮಾಗಲು ಬಿಡುತ್ತೇನೆ. ಹಾಗೇ, ಅಮಿನೋಪೈರಾಲಿಡ್ ಎಂಬ ಕಳೆನಾಶಕ ಸಿಂಪಡಿಸಿದ ಹುಲ್ಲನ್ನು ದನ ತಿಂದರೆ ಅದು ಸಗಣಿಗೂ ಬರುತ್ತದೆ, ರಾಶಿಯ ಬಿಸಿಯಲ್ಲೂ ಪೂರ್ತಿ ಹೋಗುವುದಿಲ್ಲ. ಹುಲ್ಲು ಹೊರಗಿನಿಂದ ತಂದಿದ್ದರೆ ಒಂದು ಕುಂಡದಲ್ಲಿ ಆ ಗೊಬ್ಬರ ಬೆರೆಸಿ ಬೀನ್ಸ್ ಹಾಕುತ್ತೇನೆ. ಎಲೆ ಮುರುಟಿಕೊಂಡರೆ ಆ ರಾಶಿ ತರಕಾರಿಗಿಲ್ಲ.

ಬಕೆಟ್ಟಿನಲ್ಲಿ ಅಡುಗೆಮನೆ ಕಸ ಕೊಳೆಸುವವರಿಗೆ ಇದು ದಂಡ, ಅಷ್ಟರಲ್ಲಿ ಕಾವೇ ಏರುವುದಿಲ್ಲ. ದನವೋ ಕೋಳಿಯೋ ಸಾಕುವವರು ಕೊಳ್ಳಬಹುದು. ಕೊಳ್ಳುವಾಗ ಮುಖ ತಿರುಗಿಸಿ ಹಿಂದೆ ನೋಡಿ. ಆ ನಟ್ ಇಲ್ಲದ್ದನ್ನು ಅಲ್ಲೇ ಬಿಟ್ಟು ಬನ್ನಿ.