ಥೈರಾಯ್ಡ್ ಮಾತ್ರೆ ಜೊತೆಗೇ ಕ್ಯಾಲ್ಸಿಯಂ, ಐರನ್ ನುಂಗುತ್ತಿದ್ದರೆ ದಯವಿಟ್ಟು ಇದನ್ನು ಓದಿ

ನಿಮ್ಮ ಮನೆಯಲ್ಲಿ ಯಾರಾದರೂ ಥೈರಾಯ್ಡ್ ಮಾತ್ರೆ ತಗೊಳ್ಳುತ್ತಿದ್ದಾರಾ? ಅದರ ಜೊತೆ ಇನ್ನೇನು ನುಂಗುತ್ತಾರೆ, ಎಷ್ಟು ಹೊತ್ತಿಗೆ ನುಂಗುತ್ತಾರೆ ಅಂತ ಇವತ್ತೇ ವಿಚಾರಿಸಿ. ಇದನ್ನು ಯಾರೂ ಕೇಳದೆ ನಮ್ಮಮ್ಮ ತಿಂಗಳುಗಟ್ಟಲೆ ನರಳಿದರು.

ಅಮ್ಮನಿಗೆ ಥೈರಾಯ್ಡ್ ಹೊಸದಲ್ಲ. ವರ್ಷಗಳಿಂದ ಥೈರಾಯ್ಡ್ ಮಾತ್ರೆ, ಅಂದರೆ 75 ಮೈಕ್ರೋಗ್ರಾಂ ಲೆವೊಥೈರಾಕ್ಸಿನ್ ನಡೆಯುತ್ತಿತ್ತು, ಟಿಎಸ್‌ಎಚ್ ಸರಿಯಾಗೇ ಬರುತ್ತಿತ್ತು. (ಇದು ರಕ್ತ ಪರೀಕ್ಷೆಯಲ್ಲಿ ನೋಡುವ ಅಂಕಿ. ಥೈರಾಯ್ಡ್ ಔಷಧಿ ಸಾಲದಿದ್ದರೆ ಏರುತ್ತದೆ, ಜಾಸ್ತಿಯಾದರೆ ಇಳಿಯುತ್ತದೆ.) ಮಂಡಿನೋವಿಗೆ ತೋರಿಸಿದಾಗ ಮೂಳೆ ಡಾಕ್ಟರು ಕ್ಯಾಲ್ಸಿಯಂ ಬರೆದರು. ರಕ್ತ ಕಡಿಮೆ ಇದೆ ಅಂತ ಐರನ್ ಮಾತ್ರೆಯೂ ಸೇರಿತು. ಚೀಟಿಯಲ್ಲಿ ಹೊತ್ತು ಬರೆದಿರಲಿಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿದ್ದಕ್ಕೆ, "ಬೆಳಗ್ಗೆ ಎಲ್ಲಾ ಒಟ್ಟಿಗೆ ತಗೊಂಡುಬಿಡಿ ಅಮ್ಮಾ, ಮರೆಯಲ್ಲ" ಅಂದರು.

ಆಮೇಲೆ ಶುರುವಾಯಿತು. ಎಷ್ಟು ಮಲಗಿದರೂ ಸುಸ್ತು, ಮುಖ ಊದುವುದು, ಮಲಬದ್ಧತೆ, ಬಿಸಿಲುಗಾಲದಲ್ಲೂ ಚಳಿ. ವಯಸ್ಸಾಯ್ತಲ್ವಾ ಅಂತ ನೆಂಟರು ಸಮಾಧಾನ ಹೇಳಿದರು. ಸುಮಾರು 4ರೊಳಗೆ ಇರಬೇಕಾದ ಟಿಎಸ್‌ಎಚ್ 11 ದಾಟಿತ್ತು. ಡೋಸ್ 100ಕ್ಕೆ ಏರಿತು, ಆಮೇಲೆ 125ಕ್ಕೆ. ಬೇರೆ ಯಾವ ಮಾತ್ರೆ ತಗೊಳ್ಳುತ್ತೀರಿ ಅಂತ ಆಗಲೂ ಒಬ್ಬರು ಕೇಳಲಿಲ್ಲ. ನನಗೆ ಇವತ್ತಿಗೂ ಸಿಟ್ಟು ಬರುವುದು ಇದಕ್ಕೇ.

ಆಗಿದ್ದು ಇಷ್ಟು. ಕ್ಯಾಲ್ಸಿಯಂ, ಕಬ್ಬಿಣ ಎರಡೂ ಹೊಟ್ಟೆ, ಕರುಳಿನಲ್ಲಿ ಲೆವೊಥೈರಾಕ್ಸಿನ್‌ಗೆ ಅಂಟಿಕೊಳ್ಳುತ್ತವೆ. ಹಾಗೆ ಅಂಟಿಕೊಂಡ ಔಷಧಿ ರಕ್ತಕ್ಕೆ ಸೇರುವುದಿಲ್ಲ. ಅದಕ್ಕೇ ಇವುಗಳ ನಡುವೆ ಕನಿಷ್ಠ 4 ಗಂಟೆ ಬಿಡಬೇಕು. ಮಲ್ಟಿವಿಟಮಿನ್‌ನಲ್ಲೂ ಈ ಖನಿಜಗಳಿರುತ್ತವೆ. ಗ್ಯಾಸ್ಟ್ರಿಕ್‌ಗೆ ಅಂತ ಕುಡಿಯುವ ಆಂಟಾಸಿಡ್ ಸಿರಪ್‌ನಲ್ಲಿರುವ ಅಲ್ಯೂಮಿನಿಯಂ, ಮೆಗ್ನೀಸಿಯಂ ಕೂಡ ಇದೇ ಕೆಲಸ ಮಾಡುತ್ತವೆ.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು, ಅದನ್ನು ಹೇಳುವವರು ಕಡಿಮೆ. ಮುಂದೆ ಒಬ್ಬ ಡಾಕ್ಟರು ಮಾತ್ರೆಗಳನ್ನು ಬೇರೆ ಬೇರೆ ಹೊತ್ತಿಗೆ ತಗೊಳ್ಳಿ ಅಂದರು. ಆದರೆ 125ರ ಡೋಸ್ ಹಾಗೇ ಮುಂದುವರಿಸಿದರು, ಮತ್ತೆ ಯಾವಾಗ ಪರೀಕ್ಷೆ ಮಾಡಿಸಬೇಕು ಅಂತಲೂ ಹೇಳಲಿಲ್ಲ. ಅಲ್ಲಿಯವರೆಗೆ ಅರೆಬರೆ ಸೇರುತ್ತಿದ್ದ ಔಷಧಿ ಈಗ ಚೆನ್ನಾಗಿ ಸೇರತೊಡಗಿತು. ಅಮ್ಮನಿಗೆ ಎದೆ ಡವಡವ, ಕೈ ನಡುಕ, ರಾತ್ರಿಯಿಡೀ ನಿದ್ದೆಯಿಲ್ಲ. ಟಿಎಸ್‌ಎಚ್ 0.1ಕ್ಕಿಂತ ಕೆಳಗೆ ಇಳಿದಿತ್ತು. ವಯಸ್ಸಾದವರಲ್ಲಿ ಥೈರಾಯ್ಡ್ ಔಷಧಿ ಹೀಗೆ ಜಾಸ್ತಿಯಾದರೆ ಹೃದಯದ ಬಡಿತ ತಪ್ಪಬಹುದು, ಮೂಳೆಯೂ ಸವೆಯುತ್ತದೆ. ಕ್ಯಾಲ್ಸಿಯಂ ಶುರು ಮಾಡಿದ್ದೇ ಮೂಳೆಗೋಸ್ಕರ ಅಲ್ವಾ!

ಕೊನೆಗೆ ಹಾರ್ಮೋನ್ ತಜ್ಞರೊಬ್ಬರು ಎಲ್ಲ ಮಾತ್ರೆಗಳನ್ನೂ ಮೇಜಿನ ಮೇಲೆ ಇಡಿಸಿ, ಒಂದೊಂದರ ಹೊತ್ತನ್ನೂ ಕೇಳಿದರು. ಡೋಸ್ ಮತ್ತೆ 75ಕ್ಕೆ ಇಳಿಸಿ, 6 ವಾರ ಬಿಟ್ಟು ರಕ್ತ ಪರೀಕ್ಷೆ ಬರೆದರು. ಈ ಔಷಧಿ ಮೈಯಲ್ಲಿ ಒಂದು ಮಟ್ಟಕ್ಕೆ ಬರಲು ಅಷ್ಟು ಸಮಯ ಬೇಕು. ಅದಕ್ಕೂ ಮುಂಚೆ ಮಾಡಿಸಿದ ಟಿಎಸ್‌ಎಚ್ ನೋಡಿ ಸುಮ್ನೆ ಗಾಬರಿಯಾಗಬೇಡಿ. ಹಾಗಾಗಿ ಮಾತ್ರೆಯ ಹೊತ್ತು ಬದಲಾಯಿಸುವ ಮೊದಲು ಡಾಕ್ಟರಿಗೆ ತಿಳಿಸಿ, ಡೋಸ್ ಬಗ್ಗೆ ಕೇಳಿ.

ಅಮ್ಮ ಈಗ ಬೆಳಗ್ಗೆ ಎದ್ದ ಕೂಡಲೇ ಥೈರಾಯ್ಡ್ ಮಾತ್ರೆಯನ್ನು ಬರೀ ನೀರಿನಲ್ಲಿ ನುಂಗುತ್ತಾರೆ. ಕಾಫಿ, ತಿಂಡಿ ಒಂದು ಗಂಟೆ ಬಿಟ್ಟು. ಮಧ್ಯಾಹ್ನ ಐರನ್, ರಾತ್ರಿ ಊಟದ ಜೊತೆ ಕ್ಯಾಲ್ಸಿಯಂ. ಅವೆರಡೂ ಒಟ್ಟಿಗೆ ಹೋಗಬಾರದು, ಕ್ಯಾಲ್ಸಿಯಂ ಇದ್ದರೆ ಕಬ್ಬಿಣ ಸರಿಯಾಗಿ ಸೇರುವುದಿಲ್ಲ.

ಕೂದಲಿಗೆ ಅಂತ ಬಯೋಟಿನ್ ತಗೊಳ್ಳುವವರು ರಕ್ತ ಕೊಡುವ ಮೊದಲೇ ಲ್ಯಾಬಿನವರಿಗೂ ಡಾಕ್ಟರಿಗೂ ಹೇಳಿ. ಅದು ಕೆಲವು ಥೈರಾಯ್ಡ್ ಪರೀಕ್ಷೆಗಳ ಫಲಿತಾಂಶವನ್ನೇ ತಪ್ಪಾಗಿ ತೋರಿಸುತ್ತದೆ.

ಗರ್ಭಿಣಿಯರೇ, ನಿಮಗೆ ಐರನ್, ಕ್ಯಾಲ್ಸಿಯಂ ಎರಡನ್ನೂ ಕೊಡುತ್ತಾರೆ, ಮಗುವಿನ ಮಿದುಳಿನ ಬೆಳವಣಿಗೆಗೆ ಥೈರಾಯ್ಡ್ ಹಾರ್ಮೋನೂ ಬೇಕೇ ಬೇಕು. ಇದನ್ನು ಓದಿ ಹೆದರಿ ಯಾವ ಮಾತ್ರೆಯನ್ನೂ ಬಿಡಬೇಡಿ. ಮೂರನ್ನೂ ಚೆಕಪ್‌ಗೆ ತಗೊಂಡು ಹೋಗಿ, ಒಂದೊಂದರ ಮುಂದೆಯೂ ಗಂಟೆ ಬರೆಸಿಕೊಂಡು ಬನ್ನಿ.