ಟೂಲ್ ವಿವರಣೆಯನ್ನು ಅಳೆಯುವ ಮೂರು ದಾರಿ: ಪ್ರಯೋಗ ಮಾಡಿ ನೋಡಿದ ಹೋಲಿಕೆ

ಎಐ ಏಜೆಂಟ್ ಎಂದರೆ ಟೂಲ್‌ಗಳನ್ನು, ಅಂದರೆ ಸಣ್ಣ ಪ್ರೋಗ್ರಾಂಗಳನ್ನು, ತಾನೇ ಕರೆದು ಕೆಲಸ ಮಾಡುವ ಭಾಷಾ ಮಾದರಿ. ಅದಕ್ಕೆ ಟೂಲ್‌ನ ಒಳಗಿನ ಕೋಡ್ ಕಾಣುವುದಿಲ್ಲ. ಅದರ ಕಣ್ಣಿಗೆ ಬೀಳುವುದು ಹೆಸರು, ನಾಲ್ಕಾರು ಸಾಲಿನ ವಿವರಣೆ, ಏನೇನು ತುಂಬಬೇಕೆಂದು ಹೇಳುವ ಸ್ಕೀಮಾ, ಇಷ್ಟೇ. 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಕಂಪನಿ ಎಂಸಿಪಿಯನ್ನು (ಏಜೆಂಟ್‌ಗೆ ಟೂಲ್‌ಗಳನ್ನು ಜೋಡಿಸುವ ಒಂದು ಸಾಮಾನ್ಯ ಕ್ರಮವನ್ನು) ಪ್ರಕಟಿಸಿದ ಮೇಲೆ ಇಂಥ ಟೂಲ್‌ಗಳನ್ನು ಬರೆದು ಹಂಚುವವರು ಬಹಳ ಮಂದಿಯಾದರು. ಆದರೆ ಬರೆದ ವಿವರಣೆ ಏಜೆಂಟ್‌ಗೆ ನಿಜವಾಗಿ ದಾರಿ ತೋರಿಸುತ್ತದೆಯೇ ಎಂದು ತಿಳಿಯುವುದು ಹೇಗೆ? ಮೂರು ವಿಧಾನಗಳನ್ನು ಒಂದೇ ಟೂಲ್ ಗುಂಪಿನ ಮೇಲೆ ಹೂಡಿ ನೋಡಿದೆ. ಗುಂಪು ನನ್ನ ಸ್ವಂತ ಬಳಕೆಯದು: ನಿಲ್ದಾಣದ ಕೋಡ್ ಹುಡುಕುವುದೊಂದು, ಎರಡು ನಿಲ್ದಾಣಗಳ ನಡುವಿನ ರೈಲುಗಳನ್ನು ಕೊಡುವುದೊಂದು, ಒಂದು ರೈಲಿನ ವೇಳಾಪಟ್ಟಿ ತೋರಿಸುವುದು ಇನ್ನೊಂದು.

ಮೊದಲ ವಿಧಾನ, ಪರಿಶೀಲನಾ ಪಟ್ಟಿ ಹಿಡಿದು ಕಣ್ಣಾರೆ ಓದುವುದು. ಖರ್ಚಿಲ್ಲ, ಬೇಗ ಮುಗಿಯುತ್ತದೆ. ದಿನಾಂಕ ಯಾವ ಕ್ರಮದಲ್ಲಿರಬೇಕೆಂದು ಬರೆಯದೆ ಬಿಟ್ಟಿರುವಂಥ ಕೊರತೆಗಳು ಇಲ್ಲಿಯೇ ಸಿಗುತ್ತವೆ: 05-06 ಎಂದರೆ ಜೂನ್ ಐದೋ, ಮೇ ಆರೋ? ಇದಕ್ಕಿಂತ ಹೆಚ್ಚನ್ನು ಈ ವಿಧಾನದಿಂದ ನಿರೀಕ್ಷಿಸಬಾರದು.

ಎರಡನೆಯದು, ಇನ್ನೊಂದು ಭಾಷಾ ಮಾದರಿಯ ಕೈಗೆ ವಿವರಣೆಯನ್ನು ಕೊಟ್ಟು ಅಂಕ ಕೇಳುವುದು. ಈಗ ಎಲ್ಲರೂ ಹಿಡಿದಿರುವುದು ಇದನ್ನೇ. ಹಾಗಾಗಿಯೇ ಇದರ ಮೇಲೆ ನನಗೆ ಹೆಚ್ಚು ತಕರಾರು. ಮಾದರಿಗೆ ಉದ್ದ ಇಷ್ಟ, ಅಚ್ಚುಕಟ್ಟಾದ ವಾಕ್ಯ ಇಷ್ಟ. ರೈಲು ಪಟ್ಟಿಯ ಟೂಲ್‌ಗೆ ನಾನು ಬರೆದ ಎರಡು ವಿವರಣೆಗಳಲ್ಲಿ ಉದ್ದನೆಯದಕ್ಕೆ ಒಳ್ಳೆಯ ಅಂಕ ಬಂತು. ಅದೇ ವಿವರಣೆಯನ್ನು ಓದಿದ ಏಜೆಂಟ್ ನಿಲ್ದಾಣದ ಕೋಡ್ ಇರಬೇಕಾದ ಜಾಗದಲ್ಲಿ ‘ಬೆಂಗಳೂರು’ ಎಂದು ತುಂಬಿತು. ಬೆಂಗಳೂರಿಗೆ ಕೆಎಸ್‌ಆರ್ ನಿಲ್ದಾಣದ ಎಸ್‌ಬಿಸಿ ಇದೆ, ಯಶವಂತಪುರದ ವೈಪಿಆರ್ ಇದೆ, ಬೈಯಪ್ಪನಹಳ್ಳಿ ಟರ್ಮಿನಲ್ಲಿನ ಎಸ್‌ಎಂವಿಬಿ ಇದೆ. ಯಾವುದೆಂದು ಕೇಳದೆ ಮುಂದೆ ಹೋಗುವಂತಿಲ್ಲ. ‘ಊರಿನ ಹೆಸರನ್ನು ಇಲ್ಲಿ ಕೊಡಬೇಡ; ಮೊದಲು ನಿಲ್ದಾಣ ಹುಡುಕುವ ಟೂಲ್ ಕರೆದು ಕೋಡ್ ಪಡೆ’ ಎಂಬ ಮೊಂಡು ವಾಕ್ಯವಿದ್ದ ಗಿಡ್ಡ ವಿವರಣೆಗೆ ಅಂಕ ಕಡಿಮೆ, ಕೆಲಸ ಸರಿಯಾಗಿ ಆಯಿತು. ಇದಕ್ಕೆ ಕಾರಣವೂ ಇದೆ. ಅಂಕ ಕೊಡುವ ಮಾದರಿಗೆ ನಾನು ಕೊಟ್ಟದ್ದು ಒಂದೊಂದೇ ವಿವರಣೆ; ಏಜೆಂಟ್ ಅದನ್ನು ಅಕ್ಕಪಕ್ಕದ ಟೂಲ್‌ಗಳ ಜೊತೆ ಓದಿ, ಅವುಗಳಲ್ಲಿ ಒಂದನ್ನು ಆರಿಸಬೇಕು. ವೇಳಾಪಟ್ಟಿ ಟೂಲ್‌ನ ವಿವರಣೆ ತನ್ನಷ್ಟಕ್ಕೆ ಸೊಗಸಾಗಿತ್ತು. ಆದರೆ ರೈಲು ಪಟ್ಟಿ ಕೇಳಿದಾಗಲೂ ಏಜೆಂಟ್ ಅದನ್ನೇ ಕರೆಯುತ್ತಿತ್ತು.

ಮೂರನೆಯದು, ಏಜೆಂಟ್‌ಗೆ ಕೆಲಸ ಕೊಟ್ಟು ಓಡಿಸಿ, ಅದು ಯಾವ ಟೂಲನ್ನು ಹೇಗೆ ಕರೆಯಿತೆಂಬ ದಾಖಲೆಯನ್ನು, ಅಂದರೆ ಲಾಗ್ ಅನ್ನು, ಓದುವುದು. ಹಣವೂ ಸಮಯವೂ ಬೇಕು. ಇದರಲ್ಲಿಯೂ ಎರಡು ಪಂಗಡ. ಮಾದರಿಗಳು ಟೂಲ್‌ಗಳನ್ನು ಎಷ್ಟು ಸರಿಯಾಗಿ ಕರೆಯುತ್ತವೆಂದು ಶ್ರೇಯಾಂಕ ಕೊಡುವ ಬರ್ಕ್ಲಿ ವಿಶ್ವವಿದ್ಯಾಲಯದ ಫಂಕ್ಷನ್ ಕಾಲಿಂಗ್ ಲೀಡರ್‌ಬೋರ್ಡ್ ಮೊದಲಿನಿಂದ ನೆಚ್ಚಿದ್ದು ಮಾದರಿ ಬರೆದ ಕರೆಯನ್ನು ನಿರೀಕ್ಷಿತ ಕರೆಯೊಂದಿಗೆ ಹೋಲಿಸುವ ಕ್ರಮವನ್ನು. ಸಿಯೆರಾ ಸಂಸ್ಥೆಯ 2024ರ ಟೌ-ಬೆಂಚ್ ಎಂಬ ಪರೀಕ್ಷೆ, ಸಂಭಾಷಣೆ ಮುಗಿದ ಮೇಲೆ ಡೇಟಾಬೇಸ್ ಯಾವ ಸ್ಥಿತಿಯಲ್ಲಿದೆ ಎಂದು ನೋಡುತ್ತದೆ. ಒಂದೇ ಕೆಲಸವನ್ನು ಹಲವು ಸಲ ಕೊಟ್ಟು, ಎಲ್ಲ ಸಲವೂ ಗೆದ್ದಿತೇ ಎಂದೂ ಲೆಕ್ಕ ಹಾಕುತ್ತದೆ. ಈ ಎರಡು ಪರೀಕ್ಷೆಗಳೂ ಹುಟ್ಟಿದ್ದು ಮಾದರಿಗಳನ್ನು ಅಳೆಯಲು. ಮಾದರಿಯನ್ನು ಬದಲಿಸದೆ ವಿವರಣೆಯನ್ನಷ್ಟೇ ಬದಲಿಸುತ್ತಾ ಹೋದರೆ ಅದೇ ತಂತ್ರ ವಿವರಣೆಯನ್ನು ಅಳೆಯುತ್ತದೆ. ನನಗೆ ಹೆಚ್ಚು ಒಪ್ಪಿಗೆಯಾದದ್ದು ಫಲಿತಾಂಶ ನೋಡುವ ಕ್ರಮ. ಸರಿಯಾದ ರೈಲಿಗೆ ಎರಡು ದಾರಿಯಲ್ಲಿ ತಲುಪಬಹುದಾದರೆ, ಕರೆಯನ್ನು ಅಕ್ಷರಶಃ ಹೋಲಿಸುವ ಪರೀಕ್ಷೆ ಒಂದನ್ನು ಸುಮ್ಮನೆ ನಪಾಸು ಮಾಡುತ್ತದೆ.

ಆದರೆ ಓಡಿಸಿ ನೋಡುವುದೂ ಮೋಸ ಮಾಡಬಲ್ಲದು. ದೊಡ್ಡ ಮಾದರಿಗಳಿಗೆ ಹುಬ್ಬಳ್ಳಿ ಯುಬಿಎಲ್ ಎಂಬುದು ಮೊದಲೇ ಗೊತ್ತು. ವಿವರಣೆ ಎಷ್ಟೇ ಕೆಟ್ಟದಾಗಿದ್ದರೂ ನೆನಪಿನಿಂದಲೇ ಕೋಡ್ ತುಂಬಿ ಪಾಸಾಗುತ್ತವೆ, ಶ್ರೇಯ ವಿವರಣೆಗೆ ಹೋಗುತ್ತದೆ. ಅದಕ್ಕೇ ಬೀರೂರನ್ನು ಪರೀಕ್ಷೆಗೆ ತಂದೆ. ಅದರ ಕೋಡ್ ಆರ್‌ಆರ್‌ಬಿ. ಹೆಸರು ನೋಡಿ ಊಹಿಸಲು ಹೊರಟವರು ಎಡವುವುದು ಖಚಿತ. ಇನ್ನೂ ನಿಷ್ಠುರವಾದ ಪರೀಕ್ಷೆ ಒಂದಿದೆ: ವಿವರಣೆಯನ್ನು ಪೂರ್ತಿ ಅಳಿಸಿ, ಹೆಸರು ಮತ್ತು ಸ್ಕೀಮಾ ಮಾತ್ರ ಉಳಿಸಿ ಓಡಿಸುವುದು. ವೇಳಾಪಟ್ಟಿ ಟೂಲ್‌ನ ವಿಷಯದಲ್ಲಿ ಒಂದೇ ಒಂದು ಉತ್ತರವೂ ಬದಲಾಗಲಿಲ್ಲ. ಅಂದರೆ ನಾನು ಅಕ್ಕರೆಯಿಂದ ಬರೆದ ಅಷ್ಟೂ ಸಾಲು ಪ್ರತಿ ಸಂಭಾಷಣೆಯಲ್ಲಿ ಟೋಕನ್ (ಮಾದರಿ ಓದುವ ಪಠ್ಯವನ್ನು ಎಣಿಸುವ ತುಣುಕು) ತಿನ್ನುವುದನ್ನು ಬಿಟ್ಟು ಬೇರೇನೂ ಮಾಡುತ್ತಿರಲಿಲ್ಲ. ಕಿತ್ತು ಹಾಕಿದೆ.

ಆಯ್ಕೆ ಕೇಳಿದರೆ: ಪಟ್ಟಿ ಮೊದಲು, ಅಂಕದ ಮಾದರಿ ಬಿಟ್ಟುಹೋದದ್ದನ್ನು ಹುಡುಕಲು ಮಾತ್ರ, ತೀರ್ಪು ಲಾಗ್‌ನದ್ದು. ಪರೀಕ್ಷೆಯ ಪ್ರಶ್ನೆಗಳಲ್ಲಿ ಕೆಲವನ್ನು ವಿವರಣೆ ತಿದ್ದುವಾಗ ಮುಟ್ಟದೆ ಬದಿಗಿಡಬೇಕು, ಇಲ್ಲವಾದರೆ ಆ ಪ್ರಶ್ನೆಗಳಿಗಷ್ಟೇ ಹೊಂದುವ ವಿವರಣೆ ತಯಾರಾಗುತ್ತದೆ. ಲಾಗ್ ಓದುತ್ತಾ ಹೋದಂತೆ ನನ್ನ ತಿದ್ದುಪಡಿಗಳು ವಿವರಣೆಯಿಂದಲೇ ಆಚೆ ಸರಿದವು. ತಪ್ಪು ಕೋಡ್ ಬಂದಾಗ ಖಾಲಿ ಪಟ್ಟಿಯ ಬದಲು ‘ಇಂಥ ಕೋಡ್ ಇಲ್ಲ, ನಿಲ್ದಾಣ ಹುಡುಕುವ ಟೂಲ್ ಬಳಸು’ ಎಂದು ಟೂಲ್ ಉತ್ತರಿಸುವಂತೆ ಮಾಡಿದಾಗ ಸಣ್ಣ ಮಾದರಿಯೂ ತಾನಾಗಿ ಸರಿದಾರಿಗೆ ಬಂತು.